ಕಾಫಿ ತೋಟದ ಕೆರೆಗೆ ಯಾವ ಯುದ್ಧನೌಕೆ?

ಮಾದರಿ ಯುದ್ಧನೌಕೆಗಳನ್ನು ರಿಮೋಟಿನಲ್ಲಿ ಓಡಿಸಿ, ಗುಂಡು ಹಾರಿಸಿ ಮುಳುಗಿಸುವ ಆಟ ನಮ್ಮದು. ನನ್ನ ಮೊದಲ ಹಡಗು ಜರ್ಮನಿಯ ಬಿಸ್ಮಾರ್ಕ್‌ನ ಮಾದರಿ. ಎಂಟು ತಿಂಗಳು ಕೂತು ಕಟ್ಟಿದ್ದೆ. ಅದು ಮುಳುಗಿದ್ದು ಎದುರಾಳಿಯ ಗುಂಡಿಗೆ ಅಲ್ಲ, ಕೆರೆಯ ಆಚೆ ದಡದಲ್ಲಿ ನೀರಿಗೆ ಚಾಚಿಕೊಂಡಿದ್ದ ಸಿಲ್ವರ್ ಓಕ್ ಬೇರಿಗೆ. ರಿಮೋಟಿನಲ್ಲಿ ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ಒತ್ತಿ ಹಿಡಿದಿದ್ದೆ. ಹಡಗು ತಿರುಗುತ್ತಲೂ ಇತ್ತು. ತಿರುಗಿ ಮುಗಿಯುವಷ್ಟು ಕೆರೆ ಇರಲಿಲ್ಲ, ಅಷ್ಟೇ. ದಡದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಸುಬೇದಾರ್ ಮಾವ, "ಟ್ಯಾಂಕನ್ನ ಗದ್ದೆ ಬದುವಿನ ಮೇಲೆ ಓಡಿಸಿದ ಹಾಗಾಯ್ತಲ್ಲೋ" ಅಂದರು. ಸೇನೆಯಲ್ಲಿ ಇದ್ದವರು, ಟ್ಯಾಂಕಿನ ಲೆಕ್ಕದಲ್ಲೇ ಮಾತಾಡುತ್ತಾರೆ.

ನಿಜವಾದ ಬಿಸ್ಮಾರ್ಕ್‌ಗೂ ಕೈಕೊಟ್ಟಿದ್ದು ಚುಕ್ಕಾಣಿಯೇ. 1941ರ ಮೇ 26ರ ಸಂಜೆ ಬ್ರಿಟಿಷ್ ವಿಮಾನ ಬಿಟ್ಟ ಟಾರ್ಪಿಡೊ ಹಿಂಭಾಗಕ್ಕೆ ಬಡಿದು ಚುಕ್ಕಾಣಿ ಸಿಕ್ಕಿಹಾಕಿಕೊಂಡಿತು. ಬರೀ ಪ್ರೊಪೆಲರ್‌ಗಳಿಂದ ಆ ಹಡಗನ್ನು ತಿರುಗಿಸುವುದು ಕಷ್ಟ ಅಂತ ಮೊದಲ ಪರೀಕ್ಷೆಗಳಲ್ಲೇ ಗೊತ್ತಾಗಿತ್ತು. ಮಾರನೇ ದಿನ ಬೆಳಗ್ಗೆ ಅದು ಮುಳುಗಿತು. ಈ ಕಥೆ ಕಟ್ಟುವ ಮೊದಲೇ ನನಗೆ ಗೊತ್ತಿತ್ತು. ಆದರೂ ಅದನ್ನೇ ಕಟ್ಟಿದೆ. ಹೆಸರು ದೊಡ್ಡದು ನೋಡಿ.

ನೀವು ಹಾಗೆ ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗೆ ಆಟ ಏನು ಅಂತ ಎರಡು ಮಾತು. ಸುಮಾರು 1900ರಿಂದ 1945ರವರೆಗಿನ ನಿಜವಾದ ಯುದ್ಧನೌಕೆಯೊಂದನ್ನು 144ನೇ ಒಂದು ಪಾಲಿನ ಅಳತೆಯಲ್ಲಿ ಕಟ್ಟುತ್ತೇವೆ. ತಳ ಮತ್ತು ಪಕ್ಕೆಗಳು ಗಟ್ಟಿ. ಪಕ್ಕೆಗಳ ನಡುವಿನ ಚರ್ಮ ಮಾತ್ರ ತೆಳುವಾದ ಬಾಲ್ಸಾ ಮರ, ಸಾಮಾನ್ಯವಾಗಿ 0.8 ಮಿ.ಮೀ ಆಸುಪಾಸು. ಒಳಗೆ ಬ್ಯಾಟರಿ, ಮೋಟಾರು, ನೀರು ಹೊರಗೆ ಚೆಲ್ಲುವ ಪುಟ್ಟ ಪಂಪು, ಕಾರ್ಬನ್ ಡೈಆಕ್ಸೈಡ್ ಬಾಟಲಿ, ಅದರ ಒತ್ತಡದಿಂದ ಸಣ್ಣ ಉಕ್ಕಿನ ಗುಂಡು ಹಾರಿಸುವ ಫಿರಂಗಿ. ಎದುರಾಳಿಯ ಬಾಲ್ಸಾ ತೂತು ಮಾಡಬೇಕು, ನೀರು ನುಗ್ಗಬೇಕು, ಹಡಗು ಮುಳುಗಬೇಕು. ಮುಳುಗಿದ್ದನ್ನು ಎತ್ತಿ, ಒಣಗಿಸಿ, ಹೊಸ ಬಾಲ್ಸಾ ಅಂಟಿಸಿ ಮತ್ತೆ ಇಳಿಸುತ್ತೇವೆ. ಅಮೆರಿಕ, ಆಸ್ಟ್ರೇಲಿಯಾ ಕಡೆ ಇದಕ್ಕೆ ಸಂಘಗಳೇ ಇವೆ. ನಮ್ಮಲ್ಲಿ ನಾನು, ನನ್ನ ಬಾವ, ಅವನ ಮಗ. ಮೂರೇ ಜನ.

ಕಟ್ಟುವ ಕೆಲಸಕ್ಕಿಂತ ಮೊದಲಿನ ಆಯ್ಕೆಯೇ ಕಷ್ಟ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ಹೇಳುತ್ತೇನೆ.

ಮೊದಲು ಕೆರೆ, ಆಮೇಲೆ ಹಡಗು

ಪುಸ್ತಕ ತೆರೆಯುವ ಮೊದಲು ಕೆರೆಗೆ ಹೋಗಿ. ಒಂದು ಉದ್ದನೆಯ ಹಗ್ಗ ತಗೊಂಡು ಕೆರೆಯ ಅತಿ ಕಿರಿದಾದ ಕಡೆ ಅಗಲ ಎಷ್ಟಿದೆ ಅಂತ ಅಳೆಯಿರಿ. ಅತಿ ಅಗಲದ ಕಡೆ ಅಲ್ಲ. ಹಡಗು ಸಿಕ್ಕಿಹಾಕಿಕೊಳ್ಳುವುದು ಕಿರಿದಾದ ಕಡೆಯೇ.

ಕೊಡಗಿನ ತೋಟದ ಕೆರೆಗಳಿಗೆ ಒಂದು ಸ್ವಭಾವ ಇದೆ. ಅವನ್ನು ತೋಡಿದ್ದು ಬೇಸಿಗೆಯಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವುದಕ್ಕೆ. ಹೂಮಳೆ ಬಾರದಿದ್ದರೆ ಫೆಬ್ರವರಿ, ಮಾರ್ಚಿನಲ್ಲಿ ಪಂಪು ಇಟ್ಟು ನೀರೆಲ್ಲ ಎಳೆಯುತ್ತಾರೆ. ಏಪ್ರಿಲ್‌ಗೆ ತಳದ ಕೆಸರು ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಮಾತು ಬಿಡಿ, ರಿಮೋಟ್ ಹಿಡಿದು ನಿಲ್ಲುವುದಕ್ಕೇ ಆಗುವುದಿಲ್ಲ, ಕಾಲಿಗೆ ಇಂಬಳ ಬೇರೆ. ಡಿಸೆಂಬರ್ ಆದರೆ ಕಾಫಿ ಕುಯ್ಲು. ಆಗ ಆಟ ಆಡುತ್ತೇನೆ ಅಂದರೆ ಮನೆಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಉಳಿಯುವುದು ತುಲಾ ಸಂಕ್ರಮಣದಿಂದ ಹುತ್ತರಿಯವರೆಗಿನ ಕೆಲವೇ ವಾರ. ಆಗ ಕೆರೆ ತುಂಬಿರುತ್ತದೆ, ನೀರು ತಿಳಿಯಾಗಿರುತ್ತದೆ, ಬೆಳಗಿನ ಮಂಜು ಕರಗಿದ ಮೇಲೆ ಗಾಳಿಯೂ ಕಡಿಮೆ. ಆ ವಾರಗಳಲ್ಲಿ ಇರುವ ನೀರನ್ನು ಲೆಕ್ಕಕ್ಕೆ ಹಿಡಿಯಿರಿ.

ಆಳವನ್ನೂ ನೋಡಿ. ಹಡಗು ಮುಳುಗಿಯೇ ಮುಳುಗುತ್ತದೆ, ನೀವು ಇಳಿದು ಎತ್ತಲೇಬೇಕು. ತೋಟದ ಕೆರೆಗಳ ಅಂಚು ಕಡಿದಾಗಿರುತ್ತದೆ, ಕೆಸರು ಕಾಲು ಹಿಡಿಯುತ್ತದೆ. ಈಜು ಬಂದರೂ ಲೈಫ್ ಜಾಕೆಟ್ ಇಲ್ಲದೆ, ದಡದಲ್ಲಿ ಇನ್ನೊಬ್ಬರಿಲ್ಲದೆ ಇಳಿಯಬೇಡಿ. ಸೊಂಟದ ಮಟ್ಟಕ್ಕಿಂತ ಆಳ ಇರುವ ಕೆರೆ ಈ ಆಟಕ್ಕೆ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೇರೆ ದಾರಿ ಇಲ್ಲದಿದ್ದರೆ ದಡದ ಹತ್ತಿರದ ತೆಳು ನೀರಿನಲ್ಲಿ ಹಗ್ಗ ಕಟ್ಟಿ ಗಡಿ ಮಾಡಿಕೊಳ್ಳಿ.

ಕಾವೇರಿಯಲ್ಲಿ ಆಡುವ ಯೋಚನೆ ಬೇಡ. ಹರಿಯುವ ನೀರು ಆಟವನ್ನು ಕೆಡಿಸುತ್ತದೆ. ಹೊಳೆಯೂ ನಮಗೆ ಬರೀ ನೀರಲ್ಲ, ಅಲ್ವಾ? ಸೋಮವಾರಪೇಟೆ ಕಡೆಯ ಹೊನ್ನಮ್ಮನ ಕೆರೆಯಂತಹ ದೇವರ ಕೆರೆಗಳನ್ನೂ ಬಿಟ್ಟುಬಿಡಿ. ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳು ಸರ್ಕಾರದ ಜಾಗ. ದನ ನೀರು ಕುಡಿಯುವ, ಮನೆಗೆ ನೀರು ಹೋಗುವ ಕೆರೆಯಲ್ಲಿ ಉಕ್ಕಿನ ಗುಂಡು ಚೆಲ್ಲುವುದು ಸರಿಯಲ್ಲ. ಸ್ವಂತದ್ದೋ ನೆಂಟರದ್ದೋ ಆದ ನೀರಾವರಿ ಕೆರೆಯೇ ಸರಿ. ಬಾತುಕೋಳಿ ಇದ್ದರೆ ಅವನ್ನು ಮೊದಲು ಆಚೆ ಕಳಿಸಿ.

ಮೂರು ಲೆಕ್ಕ

ಈಗ ಹಡಗುಗಳ ಪಟ್ಟಿ ತೆಗೆಯಿರಿ. ಪ್ರತಿ ಹಡಗಿಗೂ ಮೂರು ಲೆಕ್ಕ ಹಾಕಬೇಕು. ಕಾಗದ ಪೆನ್ಸಿಲ್ ಸಾಕು.

ಮೊದಲನೆಯದು ಉದ್ದ. ನಿಜವಾದ ಹಡಗಿನ ಉದ್ದವನ್ನು 144ರಿಂದ ಭಾಗಿಸಿ. ಬಿಸ್ಮಾರ್ಕ್ 251 ಮೀಟರ್, ಅಂದರೆ ಮಾದರಿ 1.74 ಮೀಟರ್. ಜಪಾನಿನ ಯಮಾಟೊ 263 ಮೀಟರ್, ಮಾದರಿ 1.83 ಮೀಟರ್. ಅಮೆರಿಕದ ಅಯೋವಾ 270 ಮೀಟರ್, ಮಾದರಿ ಹತ್ತಿರ ಹತ್ತಿರ 1.88 ಮೀಟರ್. ನಿಮ್ಮ ಕಾರಿನ ಹಿಂದಿನ ಸೀಟು ಮಡಚಿ ಟೇಪು ಹಿಡಿದು ನೋಡಿ. ನನ್ನ ಬಿಸ್ಮಾರ್ಕ್‌ನ ಮೂತಿ ಯಾವಾಗಲೂ ಗೇರಿನ ಪಕ್ಕದಲ್ಲೇ ಇರುತ್ತಿತ್ತು.

ಎರಡನೆಯದು ತೂಕ. ಇದು ಬಹಳ ಜನ ಮರೆಯುವ ಲೆಕ್ಕ. ಉದ್ದ 144 ಪಾಲು ಕಡಿಮೆಯಾದರೆ ತೂಕ 144ನ್ನು 144ರಿಂದ, ಮತ್ತೆ 144ರಿಂದ ಗುಣಿಸಿದಷ್ಟು ಪಾಲು ಕಡಿಮೆಯಾಗುತ್ತದೆ, ಅಂದರೆ ಸುಮಾರು 30 ಲಕ್ಷ ಪಾಲು. ಇದಕ್ಕೆ ಸುಲಭದ ದಾರಿ ಇದೆ. ಹಡಗಿನ ತೂಕ ಎಷ್ಟು ಟನ್ ಇದೆಯೋ ಅದನ್ನು 3000ದಿಂದ ಭಾಗಿಸಿ. ಬಂದದ್ದು ಮಾದರಿಯ ತೂಕ, ಕೆ.ಜಿ.ಯಲ್ಲಿ. ಪೂರ್ತಿ ಭಾರ ಹೊತ್ತಾಗ ಬಿಸ್ಮಾರ್ಕ್ ಸುಮಾರು 50,000 ಟನ್. ಮಾದರಿ ಹದಿನಾರು ಹದಿನೇಳು ಕೆ.ಜಿ. ಯಮಾಟೊ ಸುಮಾರು 72,000 ಟನ್, ಮಾದರಿ 24 ಕೆ.ಜಿ. ಅರ್ಧ ಮೂಟೆ ಕಾಫಿ. ಅದನ್ನು ಹೊತ್ತುಕೊಂಡು ಕಾಫಿ ಗಿಡಗಳ ಮಧ್ಯೆ ಇಳಿಜಾರಿನಲ್ಲಿ ಕೆರೆಗೆ ಇಳಿಯಬೇಕು. ಮುಳುಗಿದಾಗ ನೀರು ತುಂಬಿದ ಅದನ್ನು ಕೆಸರಿನಿಂದ ಎತ್ತಬೇಕು.

ಚಿಕ್ಕ ಹಡಗಾದರೆ ಈ ಲೆಕ್ಕ ತಿರುಗುಮುರುಗು. ಮಾದರಿಯ ತೂಕ 3 ಕೆ.ಜಿ. ಅಂತ ಬಂದರೆ, ಆ 3 ಕೆ.ಜಿ.ಯೊಳಗೇ ಮರ, ಬ್ಯಾಟರಿ, ಮೋಟಾರು, ಪಂಪು, ಗ್ಯಾಸ್ ಬಾಟಲಿ, ಫಿರಂಗಿ ಎಲ್ಲ ಬರಬೇಕು. ಜಾಸ್ತಿ ಆದರೆ ಹಡಗು ತಗ್ಗಿ ತೇಲುತ್ತದೆ, ಮೊದಲ ತೂತಿಗೇ ನೀರು ಕುಡಿಯುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಉದ್ದವನ್ನು ಅಗಲದಿಂದ ಭಾಗಿಸಿ. ಬಂದ ಸಂಖ್ಯೆ ಚಿಕ್ಕದಾದಷ್ಟೂ ಹಡಗು ಕುಳ್ಳ ಮತ್ತು ದಪ್ಪ. ಕುಳ್ಳ ಹಡಗು ಚಿಕ್ಕ ಜಾಗದಲ್ಲಿ ತಿರುಗುತ್ತದೆ. ಅಗಲ ಜಾಸ್ತಿ ಇದ್ದರೆ ಒಳಗೆ ನೀರು ಬಂದರೂ ಬೇಗ ಮಗುಚುವುದಿಲ್ಲ. ಹಡಗಿನೊಳಗೆ ಒಂದು ಬೆರಳು ನೀರು ಅತ್ತಿತ್ತ ಹರಿಯತೊಡಗಿದರೆ ಸಾಕು, ಅದು ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ತಟ್ಟೆಯಲ್ಲಿ ನೀರು ಹಿಡಿದು ನಡೆದು ನೋಡಿ, ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಹಡಗನ್ನು ಕಾಪಾಡುವುದು ಅಗಲ, ಮತ್ತು ತಳದಲ್ಲಿ ಕೂತ ಬ್ಯಾಟರಿಯ ಭಾರ.

ಅಯೋವಾಗೆ ಈ ಸಂಖ್ಯೆ 8 ದಾಟುತ್ತದೆ. ಬಿಸ್ಮಾರ್ಕ್‌ಗೆ 7. ಜರ್ಮನಿಯ ಪುಟ್ಟ ಗ್ರಾಫ್ ಸ್ಪೀಗೆ ಎಂಟೂವರೆಗಿಂತ ಸ್ವಲ್ಪ ಜಾಸ್ತಿ. 1906ರ ಡ್ರೆಡ್‌ನಾಟ್‌ಗೆ ಸುಮಾರು ಆರೂವರೆ. ಅಮೆರಿಕದ ಸೌತ್ ಕೆರೊಲಿನಾಗೆ 5.6. ಜರ್ಮನಿಯ ನಾಸೌಗೆ 5.4. ನನ್ನ ಕಣ್ಣಿಗೆ ಆರೂವರೆಯ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರುವುದು ತೋಟದ ಕೆರೆಯ ಹಡಗು.

ವೇಗದ ಲೆಕ್ಕವನ್ನು ಹೊಸಬರು ತಲೆಗೆ ಹಚ್ಚಿಕೊಳ್ಳುತ್ತಾರೆ, ಅಷ್ಟು ಬೇಕಾಗಿಲ್ಲ. ಅಳತೆ 144 ಪಾಲು ಇಳಿದರೆ ವೇಗ 12 ಪಾಲು ಇಳಿಯುತ್ತದೆ. 24 ನಾಟ್ ಓಡುತ್ತಿದ್ದ ಹಡಗಿನ ಮಾದರಿ 2 ನಾಟ್, ಅಂದರೆ ಸೆಕೆಂಡಿಗೆ ಸುಮಾರು ಒಂದು ಮೀಟರ್. ನಾವು ನಡೆಯುವ ವೇಗ. 30 ನಾಟ್ ಹಡಗು ಸ್ವಲ್ಪ ಚುರುಕಾಗಿ ನಡೆದ ಹಾಗೆ. ನಮ್ಮ ಕೆರೆಯಲ್ಲಿ ಆ ವ್ಯತ್ಯಾಸ ತೋರುವ ಮೊದಲೇ ಆಚೆ ದಡ ಬಂದಿರುತ್ತದೆ.

ಮನಸ್ಸಿನ ಹಡಗು

ಇಲ್ಲಿ ಒಂದು ಸಂಕಟ ಇದೆ. ಕನ್ನಡದವನಾಗಿ ನನಗೆ ಕಟ್ಟಬೇಕು ಅನ್ನಿಸಿದ್ದು ಐಎನ್‌ಎಸ್ ಮೈಸೂರು. ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಆಗಿ ಎರಡನೇ ಮಹಾಯುದ್ಧ ಕಂಡ ಕ್ರೂಸರ್, ಅಂದರೆ ದೊಡ್ಡ ಯುದ್ಧನೌಕೆಗಿಂತ ಚಿಕ್ಕದಾದ, ವೇಗದ ಹಡಗು. 1957ರಲ್ಲಿ ನಮ್ಮ ನೌಕಾಪಡೆಗೆ ಬಂತು, 1985ರವರೆಗೆ ಇತ್ತು. ಅದರ ಲಾಂಛನದಲ್ಲಿ ಗಂಡಭೇರುಂಡ ಇತ್ತು. ಆ ಹಕ್ಕಿ ಬರೆದ ಹಡಗು ನಮ್ಮೂರ ಕೆರೆಯಲ್ಲಿ ತೇಲಿದರೆ ಯಾರಿಗೆ ಆಸೆಯಾಗುವುದಿಲ್ಲ?

ಇನ್ನೊಂದು ಐಎನ್‌ಎಸ್ ಡೆಲ್ಲಿ. ಇದು ಹಿಂದೆ ಎಚ್‌ಎಂಎನ್‌ಝಡ್‌ಎಸ್ ಅಕಿಲಿಸ್. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಬಳಿ ಮೂರು ಕ್ರೂಸರ್‌ಗಳು ಗ್ರಾಫ್ ಸ್ಪೀಯನ್ನು ಅಟ್ಟಿಸಿಕೊಂಡು ಹೋದವಲ್ಲ, ಅವುಗಳಲ್ಲಿ ಒಂದು. ನಾಲ್ಕು ದಿನದ ಮೇಲೆ ಗ್ರಾಫ್ ಸ್ಪೀಯನ್ನು ಅದರ ಸಿಬ್ಬಂದಿಯೇ ಮುಳುಗಿಸಿದರು. ಅಕಿಲಿಸ್ 1948ರಲ್ಲಿ ಭಾರತಕ್ಕೆ ಬಂತು, 1961ರ ಗೋವಾ ಕಾರ್ಯಾಚರಣೆಯಲ್ಲೂ ಇತ್ತು.

ಲೆಕ್ಕ ಹಾಕಿ ನೋಡಿದರೆ ಎದೆ ಒಡೆಯುತ್ತದೆ. ಡೆಲ್ಲಿ 169 ಮೀಟರ್ ಉದ್ದ, 17 ಮೀಟರ್ ಅಗಲ. ಮಾದರಿ 1.17 ಮೀಟರ್ ಉದ್ದ, 12 ಸೆಂ.ಮೀ.ಗೂ ಕಡಿಮೆ ಅಗಲ. ತೂಕ ಸುಮಾರು 3 ಕೆ.ಜಿ. ಉದ್ದ ಅಗಲದ ಸಂಖ್ಯೆ ಹತ್ತಿರ ಹತ್ತಿರ 10. ಪಡವಲಕಾಯಿ. ಮೈಸೂರು ಸ್ವಲ್ಪ ದಪ್ಪ, 13 ಸೆಂ.ಮೀ. ಆದರೂ ಸಂಖ್ಯೆ 9. ಇಷ್ಟು ಸಣ್ಣ ಒಡಲಿನಲ್ಲಿ ಎಲ್ಲ ಸಾಮಾನು ತುರುಕಿ, ಭಾರ ಕೆಳಗೆ ಇಟ್ಟು, ಮಗುಚದ ಹಾಗೆ ಮಾಡುವುದು ಹತ್ತು ಹಡಗು ಕಟ್ಟಿದವರ ಕೆಲಸ. ಮೊದಲ ಹಡಗಿಗೆ ಅಲ್ಲ.

1914ರ ಸೆಪ್ಟೆಂಬರ್‌ನಲ್ಲಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿದ ಜರ್ಮನಿಯ ಎಮ್ಡನ್ ಬಗ್ಗೆಯೂ ಬಾವ ಕೇಳಿದ. 118 ಮೀಟರ್ ಉದ್ದ, ಹದಿಮೂರೂವರೆ ಮೀಟರ್ ಅಗಲ. ಮಾದರಿಯ ಅಗಲ ಒಂಬತ್ತೂವರೆ ಸೆಂ.ಮೀ.ಗೂ ಒಳಗೆ, ತೂಕ ಒಂದೂವರೆ ಕೆ.ಜಿ. ಗ್ಯಾಸ್ ಬಾಟಲಿ ಹಾಕಿದರೆ ಮುಗಿಯಿತು. ಬೇಡ ಅಂದೆ. ಮುಖ ಊದಿಸಿಕೊಂಡ.

ಆದರೆ ಮೈಸೂರನ್ನು ಪೂರ್ತಿ ಬಿಡಬೇಕಾಗಿಲ್ಲ. ಫಿರಂಗಿ ಇಲ್ಲದೆ ಸುಮ್ನೆ ಓಡಿಸುವ ಹಡಗಾಗಿ ಕಟ್ಟಿ. ಗ್ಯಾಸು, ಪಂಪು ಬೇಡ ಅಂದರೆ 3 ಕೆ.ಜಿ. ಧಾರಾಳ ಆಯಿತು. ನಾನು ಹಾಗೇ ಕಟ್ಟುತ್ತಿದ್ದೇನೆ. ಅದರ ಮೇಲೆ ಯಾರೂ ಗುಂಡು ಹಾರಿಸುವ ಹಾಗಿಲ್ಲ ಅಂತ ಮನೆಯಲ್ಲಿ ಒಪ್ಪಂದ ಆಗಿದೆ.

ಫಿರಂಗಿ ಎಲ್ಲಿದೆ ನೋಡಿ

ಮಾದರಿಯಲ್ಲಿ ಫಿರಂಗಿ ಇಡಬೇಕಾದ್ದು ನಿಜವಾದ ಹಡಗಿನಲ್ಲಿ ಫಿರಂಗಿ ಗೋಪುರ ಇದ್ದ ಜಾಗದಲ್ಲೇ. ಹಾಗಾಗಿ ನೂರು ವರ್ಷದ ಹಿಂದೆ ಯಾರೋ ಎಂಜಿನಿಯರ್ ಮಾಡಿದ ತೀರ್ಮಾನ ನಿಮ್ಮ ಕೆರೆಯ ಆಟವನ್ನೂ ಕಟ್ಟಿಹಾಕುತ್ತದೆ.

ಬ್ರಿಟನ್ನಿನ ನೆಲ್ಸನ್‌ನಲ್ಲಿ ಮೂರೂ ಗೋಪುರ ಮುಂದೆಯೇ. ಫ್ರಾನ್ಸಿನ ರಿಶಲ್ಯೂದಲ್ಲಿ ಎರಡೂ ಮುಂದೆ. ನೋಡಲು ಚೆಂದ. ಆದರೆ ಈ ಆಟದಲ್ಲಿ ಹೊಸಬನ ದೊಡ್ಡ ಆಸ್ತಿ ಹಿಂದಿನ ಫಿರಂಗಿ. ನೀವು ಮುಂದೆ ಓಡುತ್ತೀರಿ, ಎದುರಾಳಿ ಅಟ್ಟಿಸಿಕೊಂಡು ಬರುತ್ತಾನೆ, ಹಿಂದಿನ ಗೋಪುರದಿಂದ ಅವನ ಬದಿಗೆ ಹೊಡೆಯುತ್ತೀರಿ. ಓಡುತ್ತಾ ಹೊಡೆಯುವುದು ಅಟ್ಟಿಸಿಕೊಂಡು ಹೊಡೆಯುವುದಕ್ಕಿಂತ ಸುಲಭ. ಮುಂದಿನ ಫಿರಂಗಿಗೆ ಮೂತಿಯನ್ನೇ ಗುರಿಯ ಕಡೆ ಹಿಡಿಯಬೇಕು. ಅದು ಕೈ ಪಳಗಿದ ಮೇಲೆ ಬರುವ ವಿದ್ಯೆ.

ಸೌತ್ ಕೆರೊಲಿನಾ ಇಲ್ಲಿ ಚಿನ್ನದಂಥ ಹಡಗು. 138 ಮೀಟರ್ ಉದ್ದ, ಇಪ್ಪತ್ತನಾಲ್ಕೂವರೆ ಮೀಟರ್ ಅಗಲ. ಎಂಟು 12 ಇಂಚಿನ ಫಿರಂಗಿ, ನಾಲ್ಕು ಗೋಪುರ. ನಾಲ್ಕೂ ಹಡಗಿನ ನಡು ಗೆರೆಯ ಮೇಲೆ, ಎರಡು ಮುಂದೆ, ಎರಡು ಹಿಂದೆ, ಒಂದರ ತಲೆಯ ಮೇಲಿಂದ ಇನ್ನೊಂದು ಹೊಡೆಯುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ. 1910ರಲ್ಲಿ ಸೇವೆಗೆ ಬಂದ ಹಡಗು. ಮಾದರಿ 96 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲ, 6 ಕೆ.ಜಿ. ಕಂಕುಳಲ್ಲಿ ಇಟ್ಟುಕೊಂಡು ಕೆರೆಗೆ ಹೋಗಬಹುದು. ಬಾವ ಕೊನೆಗೆ ಇದನ್ನೇ ಕಟ್ಟಿದ. ಎಮ್ಡನ್ ಬೇಡ ಅಂದದ್ದಕ್ಕೆ ಈಗ ವಾರವಾರ ಸೇಡು ತೀರಿಸಿಕೊಳ್ಳುತ್ತಿದ್ದಾನೆ.

ನಾಸೌದಲ್ಲಿ ಆರು ಗೋಪುರ, ಹನ್ನೆರಡು ಫಿರಂಗಿ. ಮುಂದೊಂದು, ಹಿಂದೊಂದು, ಎರಡೂ ಬದಿಗೆ ಎರಡೆರಡು. ಕೇಳಲು ಭರ್ಜರಿ. ಆದರೆ ಒಂದು ಬದಿಗೆ ಹೊಡೆಯುವಾಗ ಕೆಲಸಕ್ಕೆ ಬರುವುದು ಎಂಟೇ. ಬದಿಯ ಗೋಪುರಗಳ ಭಾರ ಉತ್ತರ ಸಮುದ್ರದ ಅಲೆಯ ಜೊತೆ ಸೇರಿ ನಿಜವಾದ ಹಡಗು ತೂಗಾಡುತ್ತಿತ್ತು. ಆಮೇಲೆ ತಳದ ಎರಡೂ ಕಡೆ ರೆಕ್ಕೆಯಂಥ ಪಟ್ಟಿ ಹಾಕಬೇಕಾಯಿತು. ಕೆರೆಯಲ್ಲಿ ಅಂಥ ಅಲೆ ಇಲ್ಲ, ಹೆದರಬೇಡಿ. ಮಾದರಿಯ ಅಗಲ 18 ಸೆಂ.ಮೀ.ಗಿಂತ ಜಾಸ್ತಿ, ಉದ್ದ ಒಂದು ಮೀಟರ್. ಒಳಗೆ ಕೈ ಹಾಕಿ ಕೆಲಸ ಮಾಡಬಹುದು. ಇದು ನಿಮಗೆ ಆಮೇಲೆ ಅರ್ಥವಾಗುವ ಸುಖ.

ನಾನು ಎರಡನೇ ಸಲ ಆರಿಸಿದ್ದು ವಾನ್ ಡೆರ್ ಟಾನ್. ಜರ್ಮನಿಯ ಮೊದಲ ಬ್ಯಾಟಲ್‌ಕ್ರೂಸರ್, ಅಂದರೆ ದೊಡ್ಡ ಫಿರಂಗಿ ಹೊತ್ತ ವೇಗದ ಹಡಗು. 172 ಮೀಟರ್ ಉದ್ದ, 26.6 ಮೀಟರ್ ಅಗಲ, ಎಂಟು 28 ಸೆಂ.ಮೀ. ಫಿರಂಗಿ. ಮಾದರಿ 1.19 ಮೀಟರ್, ಅಗಲ ಹದಿನೆಂಟೂವರೆ ಸೆಂ.ಮೀ., ತೂಕ 7 ಕೆ.ಜಿ. ಸಂಖ್ಯೆ ಆರೂವರೆಯ ಒಳಗೆ. 1916ರ ಮೇ 31ರಂದು ಬ್ರಿಟನ್, ಜರ್ಮನಿ ನೌಕಾಪಡೆಗಳ ನಡುವೆ ನಡೆದ ಜಟ್ಲೆಂಡ್ ಕದನದಲ್ಲಿ ಇದು ಬ್ರಿಟನ್ನಿನ ಇಂಡಿಫ್ಯಾಟಿಗಬಲ್ ಹಡಗನ್ನು ಮುಳುಗಿಸಿತು. ಅದೇ ದಿನ ಅದರ ಗೋಪುರಗಳು ಒಂದೊಂದಾಗಿ ಕೆಟ್ಟು ನಿಂತವು. ದೊಡ್ಡ ಫಿರಂಗಿ ಒಂದೂ ಕೆಲಸ ಮಾಡದಿದ್ದರೂ ಹಡಗು ಸಾಲು ಬಿಟ್ಟು ಹೋಗಲಿಲ್ಲ. ಸುಮ್ನೆ ಗುರಿಯಾಗಿ ನಿಂತಿತ್ತು, ಉಳಿದ ಹಡಗುಗಳ ಮೇಲೆ ಬೀಳುವ ಗುಂಡು ಹಂಚಿಹೋಗಲಿ ಅಂತ. ನನ್ನ ಮಾದರಿಯ ಫಿರಂಗಿಯೂ ಅರ್ಧ ಆಟಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ನಾನು ಇದೇ ಇತಿಹಾಸ ಹೇಳುತ್ತೇನೆ. ಬಾವ ನಂಬುವುದಿಲ್ಲ.

ತಳದ ನಕ್ಷೆ

ಮೇಲಿನ ಚಿತ್ರ ನೋಡಿ ಮರುಳಾದವರು ತಳ ನೋಡುವುದೇ ಇಲ್ಲ. ಮೂರು ನಕ್ಷೆ ಬೇಕು. ಬದಿಯಿಂದ, ಮೇಲಿನಿಂದ, ಮತ್ತು ಹಡಗನ್ನು ಬ್ರೆಡ್ಡಿನ ಹಾಗೆ ಅಡ್ಡಡ್ಡ ಕೊಯ್ದು ತೋರಿಸುವ ನಕ್ಷೆ. ಮೂರನೆಯದು ಸಿಗದ ಹಡಗನ್ನು ಆರಿಸಬೇಡಿ. ಪಕ್ಕೆಗಳ ಆಕಾರ ಊಹೆ ಮಾಡಿ ಕಟ್ಟಿದ ಹಡಗು ಯಾವಾಗಲೂ ಒಂದು ಕಡೆ ವಾಲುತ್ತದೆ.

ಅಡ್ಡ ಕೊಯ್ದ ನಕ್ಷೆಯಲ್ಲಿ ತಳ ಚಪ್ಪಟೆಯಾಗಿ, ಬದಿ ನೆಟ್ಟಗೆ ಇದ್ದರೆ ಒಳ್ಳೆಯದು. ಕಟ್ಟುವುದೂ ಸುಲಭ, ಬ್ಯಾಟರಿ ಕೂರಿಸುವುದೂ ಸುಲಭ. ಮೇಲೆ ಹೋದ ಹಾಗೆ ಒಳಕ್ಕೆ ಬಾಗುವ ಬದಿಗಳಿರುವ ಹಳೆಯ ಫ್ರೆಂಚ್ ಹಡಗುಗಳಿವೆ. ವಾಲಲು ಶುರುವಾದರೆ ಅವನ್ನು ತಡೆಯಲು ಏನೂ ಇರುವುದಿಲ್ಲ. ದೂರ ಇರಿ.

ಹಿಂಭಾಗದಲ್ಲಿ ಚುಕ್ಕಾಣಿ ಒಂದೋ ಎರಡೋ ನೋಡಿ. ಎರಡಿದ್ದು, ಅವು ಪ್ರೊಪೆಲರ್‌ಗಳ ನೇರ ಹಿಂದೆ ಬಂದರೆ ಹಡಗು ಕರು ತಿರುಗಿದ ಹಾಗೆ ತಿರುಗುತ್ತದೆ. ಪ್ರೊಪೆಲರ್ ತಳ್ಳಿದ ನೀರು ನೇರ ಚುಕ್ಕಾಣಿಗೆ ಬಡಿಯುವುದೇ ಇದರ ಗುಟ್ಟು. ಅಲ್ಲಿ ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರು, ಅಂದರೆ ಸರ್ವೊ ಕೂರಿಸಲು ಜಾಗ ಇದೆಯೇ ಅಂತಲೂ ನೋಡಿ. ಚುಕ್ಕಾಣಿಯ ವಿಷಯದಲ್ಲಿ ನಾನು ಅತಿ ಮಾಡುತ್ತೇನೆ ಅನ್ನಿಸಿದರೆ, ಜಟ್ಲೆಂಡ್‌ನಲ್ಲಿ ಬ್ರಿಟನ್ನಿನ ವಾರ್‌ಸ್ಪೈಟ್‌ನ ಚುಕ್ಕಾಣಿ ಸಿಕ್ಕಿಹಾಕಿಕೊಂಡು ಅದು ಜರ್ಮನ್ ಹಡಗುಗಳ ಎದುರಿಗೇ ಗಿರಗಿರ ಸುತ್ತಿದ್ದು ನೆನಪಿಡಿ. ಅಂಥ ಹಡಗಿಗೇ ಹಾಗಾಯಿತು.

ಇನ್ನೊಂದು ಮಾತು. ಹಡಗಿನ ಹೆಸರು ಆರಿಸಿದರೆ ಸಾಲದು, ವರ್ಷವನ್ನೂ ಆರಿಸಬೇಕು. ವಾರ್‌ಸ್ಪೈಟ್ 1934ರಿಂದ 1937ರವರೆಗೆ ದೊಡ್ಡ ದುರಸ್ತಿಗೆ ಹೋಗಿ ಬಂದ ಮೇಲೆ ಬೇರೆಯದೇ ಹಡಗಿನ ಹಾಗೆ ಕಾಣುತ್ತಿತ್ತು. ನೈಜೀರಿಯಾ ಕಟ್ಟಿದಾಗ 6 ಇಂಚಿನ ಫಿರಂಗಿ 12 ಇದ್ದವು, ಮೈಸೂರು ಆದಾಗ 9. ನಕ್ಷೆ ಒಂದು ವರ್ಷದ್ದು, ಚಿತ್ರ ಇನ್ನೊಂದು ವರ್ಷದ್ದು ಇಟ್ಟುಕೊಂಡು ಕಟ್ಟಿದರೆ ಎರಡೂ ಅಲ್ಲದ ಹಡಗಾಗುತ್ತದೆ.

ಜೊತೆಗಾರನನ್ನು ಕೇಳಿ

ಈ ಆಟ ಒಬ್ಬರೇ ಆಡುವುದಲ್ಲ. ಎದುರಿಗೆ ಬರುವವನು ಏನು ಕಟ್ಟುತ್ತಾನೆ ಅಂತ ಕೇಳಿಯೇ ನಿಮ್ಮದನ್ನು ತೀರ್ಮಾನಿಸಿ. ಒಬ್ಬನದು ಯಮಾಟೊ, ಇನ್ನೊಬ್ಬನದು ಕ್ರೂಸರ್ ಆದರೆ ಎರಡನೇ ವಾರಕ್ಕೆ ಯಾರಾದರೂ ಒಬ್ಬರಿಗೆ ಬೇಜಾರಾಗುತ್ತದೆ. ತೂಕದಲ್ಲಿ ಒಂದೆರಡು ಕೆ.ಜಿ. ಹೆಚ್ಚು ಕಡಿಮೆ ಇರುವ, ಒಂದೇ ಕಾಲದ ಹಡಗುಗಳಾದರೆ ಆಟ ಕಟ್ಟುತ್ತದೆ. ಕೆಲವು ಸಂಘಗಳ ನಿಯಮದಲ್ಲಿ ನಿಜವಾದ ಫಿರಂಗಿ ದೊಡ್ಡದಿದ್ದರೆ ಮಾದರಿಗೂ ದೊಡ್ಡ ಗುಂಡು, ಇನ್ನು ಕೆಲವರಲ್ಲಿ ಎಲ್ಲರಿಗೂ ನಾಲ್ಕೂವರೆ ಮಿ.ಮೀ. ಗುಂಡು. ನಾವು ಎರಡನೆಯದನ್ನು ಹಿಡಿದಿದ್ದೇವೆ. ಗುಂಡು ಹುಡುಕುವ ತಲೆನೋವು ಕಡಿಮೆ.

ಗುಂಡಿನ ಮಾತು ಬಂತಲ್ಲ, ಒಂದು ಎಚ್ಚರಿಕೆ. ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುವ ಊರು ನಮ್ಮದು. ಕೋವಿಗೆ ಕೊಡುವ ಮರ್ಯಾದೆಯನ್ನೇ ಈ ಪುಟ್ಟ ಫಿರಂಗಿಗೂ ಕೊಡಿ. ದಡದಲ್ಲಿ ಇರುವ ಎಲ್ಲರಿಗೂ, ಕುರ್ಚಿ ಹಾಕಿ ಕೂತ ಮಾವನಿಗೂ, ಕಣ್ಣಿಗೆ ಗಟ್ಟಿ ಕನ್ನಡಕ ಬೇಕೇ ಬೇಕು. ಹಡಗು ನೀರಿನಿಂದ ಹೊರಗಿದ್ದಾಗ ಫಿರಂಗಿಗೆ ಗುಂಡು ಹಾರದ ಹಾಗೆ ತಡೆಯುವ ಪಿನ್ನು ಹಾಕಿರಬೇಕು. ಫಿರಂಗಿಯ ಭಾಗಗಳನ್ನು ಹೊರದೇಶದಿಂದ ತರಿಸುವ ಮೊದಲು ನಿಮ್ಮ ಪೊಲೀಸ್ ಠಾಣೆಯಲ್ಲಿ ಕೇಳಿ. ಆಮೇಲೆ ವಿವರಿಸುವುದಕ್ಕಿಂತ ಮೊದಲೇ ಕೇಳುವುದು ಸುಲಭ. ಮೊದಲ ವರ್ಷ ಫಿರಂಗಿ ಇಲ್ಲದೆ ಬರೀ ಓಡಿಸಿ, ತಿರುಗಿಸಿ, ಬೇಕೆಂದೇ ತೂತು ಮಾಡಿ ಮುಳುಗಿಸಿ ಎತ್ತಿ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು.

ಕೊನೆಗೆ ರಟ್ಟು

ಎಲ್ಲ ಲೆಕ್ಕ ಮುಗಿದು ಎರಡು ಹಡಗು ಉಳಿಯುತ್ತವೆ. ಆಗಲೂ ಮರ ಕೊಳ್ಳಬೇಡಿ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಇದ್ದರೆ ತೆಗೆಯಿರಿ. ಮೇಲಿನಿಂದ ನೋಡಿದ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ಅದರ ಮೇಲೆ ಬರೆದು ಕತ್ತರಿಸಿ. ನಡು ಭಾಗದ ಅಡ್ಡ ನಕ್ಷೆಯನ್ನೂ ಒಂದು ತುಂಡು ಕತ್ತರಿಸಿ.

ಈಗ ಊಟದ ಮೇಜಿನ ಮೇಲೆ ಇಟ್ಟು, ನಿಜವಾದ ಸಾಮಾನುಗಳನ್ನೇ ಅದರ ಮೇಲೆ ಜೋಡಿಸಿ. ಬ್ಯಾಟರಿ ನಡುವೆ, ತೀರಾ ಕೆಳಗೆ. ಪಂಪು ಅತಿ ತಗ್ಗಿನ ಜಾಗದಲ್ಲಿ. ನೀರು ಎಲ್ಲಿಂದ ಬಂದರೂ ಅದರ ಕಡೆಗೇ ಹರಿಯುವ ಹಾಗೆ ನಡುವೆ ಒಂದು ಕಾಲುವೆ ಬಿಡಬೇಕು. ಗ್ಯಾಸ್ ಬಾಟಲಿ ಉದ್ದುದ್ದ. ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಎತ್ತರದಲ್ಲಿ, ನೀರು ಮುಟ್ಟದ ಡಬ್ಬಿಯಲ್ಲಿ. ಗೋಪುರ ಬರುವ ಜಾಗದಲ್ಲಿ ಫಿರಂಗಿ. ಮುಳುಗಿದಾಗ ಮೇಲೆ ಬಂದು ತೇಲುವ ದಾರ ಕಟ್ಟಿದ ಬಿರಡೆಗೂ ಜಾಗ ಬೇಕು. ಅದಿಲ್ಲದೆ ಕೆಸರಿನಲ್ಲಿ ಕಾಲಿನಿಂದ ತಡಕಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಜೋಡಿಸಿದ ಸಾಮಾನನ್ನೆಲ್ಲ ಆಮೇಲೆ ಒಂದು ಚೀಲಕ್ಕೆ ಹಾಕಿ ತೂಗಿ. ಮಾದರಿಯ ತೂಕದಲ್ಲಿ ಮೂರನೇ ಒಂದು ಪಾಲಾದರೂ ಮರಕ್ಕೆ, ಅಂಟಿಗೆ, ಬಣ್ಣಕ್ಕೆ ಉಳಿಯಬೇಕು. ನಮ್ಮ ಕಡೆಯ ಹಲಸು, ಸಿಲ್ವರ್ ಓಕ್ ಬಾಲ್ಸಾಗಿಂತ ಬಹಳ ಭಾರ, ಆಚಾರಿ ಪುಕ್ಕಟೆ ಕೊಟ್ಟರೂ ಬೇಡ. ಪಕ್ಕೆಗೆ ತೆಳು ಪ್ಲೈವುಡ್, ಚರ್ಮಕ್ಕೆ ಬಾಲ್ಸಾ. ಬಾಲ್ಸಾ ಬೆಂಗಳೂರಿನ ಮಾದರಿ ವಿಮಾನದ ಅಂಗಡಿಗಳಲ್ಲಿ ಸಿಗುತ್ತದೆ. ಪೈಪಿನ ಜೋಡಣೆಗೆ ಟೆಫ್ಲಾನ್ ಟೇಪು ಬೇಕಾದರೆ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನ ಸಾಮಾನಿನ ಪೆಟ್ಟಿಗೆಯಲ್ಲಿ ಹುಡುಕಿ, ಪ್ರತಿ ತೋಟದ ಮನೆಯಲ್ಲೂ ಇರುತ್ತದೆ.

ಸಾಮಾನು ರಟ್ಟಿನ ಅಂಚು ದಾಟಿ ಹೊರಗೆ ಬಂದರೆ ಇನ್ನೊಂದು ಹಡಗಿನ ರಟ್ಟು ಕತ್ತರಿಸಿ. ಸರಿಯಾಗಿ ಕೂತರೆ ಪೆನ್ಸಿಲಿನಲ್ಲಿ ಪ್ರತಿಯೊಂದರ ಸುತ್ತ ಗೆರೆ ಎಳೆದು, ಹೆಸರು ಬರೆದು, ಆ ರಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಿ. ಬೇರೆ ಕಡೆ ಇಟ್ಟರೆ ಜುಲೈಗೆ ಬೂಸ್ಟು ಹಿಡಿಯುತ್ತದೆ. ಪಕ್ಕೆ ಕತ್ತರಿಸುವ ದಿನ ಅದು ಮತ್ತೆ ಬೇಕು.